ಎರಡು ಸಲ ಹೊಡೆದ ಗೋಲು

ನಾನು ಚೆಂಡಾಟ ಬಿಟ್ಟದ್ದರ ಬಗ್ಗೆ ನಮ್ಮ ಕಡೆ ಎರಡು ಕಥೆಗಳಿವೆ. ಮೊಣಕಾಲು ಮುರಿದು ಬಿಟ್ಟ ಅನ್ನುವುದು ಒಂದು. ಹೆತ್ತ ತಾಯಿಯೊಬ್ಬಳ ಶಾಪ ತಟ್ಟಿ ಬಿಟ್ಟ ಅನ್ನುವುದು ಇನ್ನೊಂದು. ಮೊಣಕಾಲಿನ ಕಥೆ ಹಸಿ ಸುಳ್ಳು. ಬೇಕಾದವರು ಬಂದು ನೋಡಬಹುದು. ಈ ವಯಸ್ಸಿನಲ್ಲೂ ಎರಡು ಮೈಲಿ ನಡೆದು ಪೇಟೆಗೆ ಹಾಲು ಹಾಕಿ ಬರುತ್ತೇನೆ. ಶಾಪ ಹಾಕಿದ್ದು ನಿಜ, ಆದರೆ ಅದು ತಟ್ಟಿ ಆಟ ಹೋಗಲಿಲ್ಲ. ಆಟವನ್ನು ನಾನೇ ಬಿಟ್ಟೆ. ಒಂದು ಗೋಲಿನ ತಕರಾರಿಗೆ ಬಿಟ್ಟೆ. ಆ ಗೋಲು ನ್ಯಾಯವಾಗಿ ನನ್ನದೋ ಅಲ್ಲವೋ ಅನ್ನುವುದಷ್ಟೇ ನನಗೆ ಬೇಕಾಗಿತ್ತು. ಊರಿನವರು ಅದನ್ನು ಬಿಟ್ಟು ನನ್ನ ಮೊಣಕಾಲು ಹಿಡಿದುಕೊಂಡು ಕೂತಿದ್ದಾರೆ.

ಬಂಗಾರಪೇಟೆಯನ್ನು ಆಗ ಬೌರಿಂಗ್‌ಪೇಟೆ ಎನ್ನುತ್ತಿದ್ದರು. ನಮ್ಮೂರು ಅಲ್ಲಿಂದ ಕಾಲುನಡಿಗೆಯ ದೂರ. ರಾಗಿ, ಹುರುಳಿ, ನಾಲ್ಕು ಎಮ್ಮೆ, ಇಷ್ಟು ನಮ್ಮ ಬದುಕು. ಮನೆಯಲ್ಲಿ ಮಾತಿಗೆ ಕನ್ನಡ, ಬೈಗುಳಕ್ಕೆ ತೆಲುಗು. ಅಪ್ಪನಿಗೆ ಸಿಟ್ಟು ಬಂದರೆ ಮೊದಲು ಭಾಷೆ ಬದಲಾಗುತ್ತಿತ್ತು, ಆಮೇಲೆ ಕೈ ಏಳುತ್ತಿತ್ತು. ಹಾಗಾಗಿ ಯಾವಾಗ ಓಡಬೇಕು ಎನ್ನುವುದು ನಮಗೆ ಮುಂಚೆಯೇ ತಿಳಿಯುತ್ತಿತ್ತು.

ರೈಲ್ವೆ ಕ್ವಾರ್ಟರ್ಸಿಗೆ ಹಾಲು ಹಾಕುವುದು ನನ್ನ ಪಾಲಿನ ಕೆಲಸ. ಸ್ಟೇಷನ್ನಿನ ಹಿಂದೆ ಒಂದು ಬಯಲಿತ್ತು. ಸಂಜೆ ಅಲ್ಲಿ ಇಂಜಿನ್ ಕೆಲಸದವರು ಚೆಂಡು ಆಡುತ್ತಿದ್ದರು. ಒಂದು ದಿನ ಯಾರೋ ಫೈರ್‌ಮನ್ ಡ್ಯೂಟಿಗೆ ಹೋಗಿ ಆಳು ಕಡಿಮೆ ಬಿತ್ತು. ಬೇಲಿಯ ಹತ್ತಿರ ನಿಂತಿದ್ದ ನನ್ನನ್ನು ಕರೆದರು. ಆಗ ನನಗೆ ಹದಿನೆಂಟು. ಹಾಲಿನ ತಂಬಿಗೆಗಳನ್ನು ಬೇಲಿಗೆ ಒರಗಿಸಿ ಒಳಗೆ ಹೋದೆ. ಹೊಲದ ಬದುವಿನ ಮೇಲೆ ಓಡಿ ಬೆಳೆದ ಕಾಲು ನನ್ನದು. ಬದು ಅಂದರೆ ಎರಡು ಪಾದ ಅಗಲ. ಅದರ ಮೇಲೆ ಬೀಳದೆ ಓಡುವವನಿಗೆ ಬಯಲು ಒಂದು ಲೆಕ್ಕವೇ ಅಲ್ಲ. ಆದರೆ ಬದುವಿನ ಮೇಲೆ ಓಡುವವನು ತಲೆ ಎತ್ತಿ ಅತ್ತಿತ್ತ ನೋಡುವಂತಿಲ್ಲ. ಆ ಚಾಳಿ ನನಗೆ ಅಂಟಿಕೊಂಡಿತ್ತು. ಚೆಂಡು, ನನ್ನ ಕಾಲು, ಎದುರಿಗೆ ಎರಡು ಕಂಬ. ಮಿಕ್ಕದ್ದು ನನಗೆ ಕಾಣಿಸುತ್ತಿರಲಿಲ್ಲ.

ಒಂದು ವರ್ಷ ಹೀಗೆ ಆಡಿದೆ. ಒಂದು ಸಂಜೆ ಮದ್ರಾಸಿನ ರೈಲಿಗೆ ಕಾಯುತ್ತಿದ್ದ ದೊರೆಯೊಬ್ಬರು ಪ್ಲಾಟ್‌ಫಾರಂ ದಾಟಿ ಬಂದು ಆಟ ನೋಡಿದರು. ಚಿನ್ನದ ಗಣಿಯೊಂದರಲ್ಲಿ ಆಟಗಳ ಉಸ್ತುವಾರಿ ಅವರದು. ಯಾವ ಗಣಿ ಎಂದು ನಾನು ಬರೆಯುವುದಿಲ್ಲ. ಅಲ್ಲಿ ದುಡಿದವರ ಮಕ್ಕಳು ಮೊಮ್ಮಕ್ಕಳು ಇನ್ನೂ ಅಲ್ಲೇ ಇದ್ದಾರೆ, ನನ್ನ ಜಗಳ ಅವರೊಡನೆ ಅಲ್ಲ. ವಾರ ಕಳೆಯುವುದರಲ್ಲಿ ಗಣಿಯಿಂದ ಆಳು ಬಂದ. ಕೆಲಸ ಕೊಡುತ್ತಾರೆ, ಕೋಣೆ ಕೊಡುತ್ತಾರೆ, ಬಂದು ಚೆಂಡು ಆಡಬೇಕು ಎಂದ.

ಅಪ್ಪ ಎಮ್ಮೆಗೆ ಹುಲ್ಲು ಹಾಕುತ್ತಿದ್ದ. ಹುಲ್ಲು ಕೈಯಲ್ಲಿ ಹಾಗೇ ಉಳಿಯಿತು.

"ಚೆಂಡು ಒದಿಯೋಕೆ ಸಂಬ್ಳಾನಾ? ಯಾವನ್ಲಾ ಅವ್ನು ತಲೆ ಕೆಟ್ಟೋನು?"

"ದೊರೆ ಅಪ್ಪಾ."

"ದೊರೆಗೆ ತಲೆ ಕೆಡಬಾರ್ದು ಅಂತ ಐತಾ? ಇವತ್ತು ಒದಿತೀಯ, ನಾಳೆ ಮುರ್ಕೊಂಡು ಬತ್ತೀಯ. ಆಮೇಲೆ ಎಮ್ಮೆ ನಿನ್ನ ಒದಿತದೆ."

ಇಷ್ಟು ಹೊತ್ತಾದರೂ ತೆಲುಗು ಬರಲಿಲ್ಲವಾದ್ದರಿಂದ ಒಪ್ಪಿದ ಎಂದು ತಿಳಿದು ನಾನು ಹೊರಟೆ.

ಮಸ್ಟರಿನಲ್ಲಿ, ಅಂದರೆ ಗಣಿಯ ಹಾಜರಿ ಪುಸ್ತಕದಲ್ಲಿ, ನನ್ನ ಹೆಸರು ಮರದ ಆಳು ಎಂದು ಬಿತ್ತು. ಸುರಂಗಕ್ಕೆ ಆಸರೆ ಕೊಡುವ ದಿಮ್ಮಿಗಳನ್ನು ಅಳತೆಯ ಪ್ರಕಾರ ಜೋಡಿಸುವುದು ಬೆಳಗಿನ ಕೆಲಸ. ಮಧ್ಯಾಹ್ನದ ಮೇಲೆ ಮೈದಾನ. ಹೀಗೆ ಆಟಕ್ಕೆಂದೇ ತಂದ ಆಳುಗಳು ಪ್ರತಿ ಗಣಿಯಲ್ಲೂ ಇಬ್ಬರೋ ಮೂವರೋ ಇರುತ್ತಿದ್ದರು. ಅವರು ಯಾರಾದರೂ ಕೇಳಿದರೆ ಮರದ ಕೆಲಸ, ಗ್ರೀಸಿನ ಕೆಲಸ ಎಂದು ನಾಚಿಕೊಂಡು ಹೇಳುತ್ತಿದ್ದರು. ನಾನು ಎದೆ ಎತ್ತಿಕೊಂಡು "ಚೆಂಡು ಆಡೋ ಕೆಲ್ಸ" ಎನ್ನುತ್ತಿದ್ದೆ. ಯಾಕೆ ನಾಚಬೇಕು? ನಮ್ಮ ತಾಲ್ಲೂಕಿನಲ್ಲಿ ಕಾಲಿನ ಆಟಕ್ಕೆ ಅನ್ನ ಸಂಪಾದಿಸಿದ ಮೊದಲನೆಯವನು ನಾನೇ. ಅಲ್ಲ ಎನ್ನುವವರು ಇನ್ನೊಬ್ಬನನ್ನು ತೋರಿಸಲಿ.

ಚಾಂಪಿಯನ್ ರೀಫ್ಸ್ ಬಜಾರಿನ ಹಿಂದಿನ ಲೈನಿನಲ್ಲಿ, ಗಣಿ ಆಳುಗಳ ಸಾಲುಮನೆಗಳಲ್ಲಿ, ನನ್ನ ಕೋಣೆ. ಬಿದಿರು ತಟ್ಟಿಯ ಗೋಡೆ, ಪಕ್ಕದ ಮನೆಯವರು ಸಾರಿಗೆ ಒಗ್ಗರಣೆ ಹಾಕಿದರೆ ನನಗೆ ಸೀನು. ಲೈನಿನಲ್ಲಿ ಎಲ್ಲರ ಮಾತೂ ಮೂರು ಭಾಷೆಯ ಕಲಸುಮೇಲೋಗರ. ನನಗೂ ಆರು ತಿಂಗಳಲ್ಲಿ ತಮಿಳು ಬಂತು. ಒಂದು ಮಾತ್ರ ಬರಲಿಲ್ಲ. ಆ ಜನರಿಗಿದ್ದ ಭಯ ನನಗೆ ಬರಲಿಲ್ಲ.

ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಗಣಿ ಆಳಕ್ಕೆ ಹೋದಷ್ಟೂ ಒಳಗಿನ ಬಂಡೆ ಮೇಲಿನ ಭಾರಕ್ಕೆ ಸಿಡಿಯುತ್ತದೆ. ಏರ್‌ಬ್ಲಾಸ್ಟ್ ಎನ್ನುತ್ತಿದ್ದರು. ಕೆಳಗೆ ಸಿಡಿದರೆ ಮೇಲೆ ನೆಲ ಅದುರುತ್ತದೆ, ಪಾತ್ರೆಗಳು ಸದ್ದು ಮಾಡುತ್ತವೆ. ಆಗ ಲೈನಿನವರು ಕೈಯಲ್ಲಿದ್ದುದನ್ನು ಬಿಟ್ಟು ಹೊರಗೆ ಬಂದು ಚಕ್ರ ನೋಡುತ್ತಾರೆ. ಗಣಿಯೊಳಕ್ಕೆ ಇಳಿಯುವ ಬಾವಿಯೇ ಶಾಫ್ಟು; ಅದರ ಮೇಲಿನ ಕಬ್ಬಿಣದ ಚೌಕಟ್ಟಿನ ತುದಿಯಲ್ಲಿ ಆ ದೊಡ್ಡ ಚಕ್ರ. ಅದು ತಿರುಗುತ್ತಿದ್ದರೆ ಆಳುಗಳನ್ನು ತರುವ ಕೇಜು ಓಡಾಡುತ್ತಿದೆ ಎಂದು ಅರ್ಥ. ನಿಂತಿದ್ದರೆ ಎಲ್ಲರೂ ಶಾಫ್ಟಿನ ಕಡೆ ಓಡುತ್ತಾರೆ. ಒಲೆಯ ಮೇಲೆ ಎಣ್ಣೆ ಕಾಯುತ್ತಿದ್ದರೂ ಸರಿಯೇ. ಒಮ್ಮೆ ಬಜಾರಿನಲ್ಲಿ ಅರ್ಧ ಗಡ್ಡ ಹೆರೆಸಿಕೊಂಡವನೊಬ್ಬ ಸೋಪಿನ ಮುಖದಲ್ಲಿ ಎದ್ದು ಬಂದು ನಿಂತಿದ್ದ, ಕ್ಷೌರಿಕ ಕತ್ತಿ ಹಿಡಿದುಕೊಂಡು ಅವನ ಪಕ್ಕದಲ್ಲೇ ನಿಂತಿದ್ದ, ಯಾರೂ ನಗಲಿಲ್ಲ. ನಾನೂ ಎಲ್ಲರ ಜೊತೆ ಚಕ್ರ ನೋಡುತ್ತಿದ್ದೆ. ಆದರೆ ಕೆಳಗೆ ನನ್ನವರು ಯಾರೂ ಇರಲಿಲ್ಲ, ನಾನು ಒಂದು ದಿನವೂ ಕೆಳಗೆ ಇಳಿದವನಲ್ಲ. ಪರರ ಮನೆಯ ಮದುವೆಯಲ್ಲಿ ಅಕ್ಷತೆ ಹಾಕಿದ ಹಾಗೆ ನೋಡಿ ಒಳಗೆ ಬರುತ್ತಿದ್ದೆ.

ಪಕ್ಕದ ಗಣಿಯ ತಂಡದಲ್ಲಿ ಒಬ್ಬ ಗೋಲ್‌ಕೀಪರ್ ಇದ್ದ. ನನಗಿಂತ ನಾಲ್ಕೈದು ವರ್ಷ ದೊಡ್ಡವನು, ತಮಿಳು ಮನೆ, ಅಣ್ಣತಮ್ಮ ಇಬ್ಬರೂ ಸುರಂಗದಲ್ಲಿ ಡ್ರಿಲ್ಲಿನ ಕೆಲಸ. ನನ್ನ ಹಾಗೆ ಆಟಕ್ಕೆಂದು ತಂದವನಲ್ಲ ಅವನು. ಪಂದ್ಯದ ದಿನ ಮಾತ್ರ ಅವನನ್ನು ಶಿಫ್ಟಿನಿಂದ ಬಿಡುತ್ತಿದ್ದರು. ಆ ಶಿಫ್ಟನ್ನು ಅವನ ಅಣ್ಣ ಮಾಡುತ್ತಿದ್ದ. ಎರಡು ಸಲ ಆ ತಂಡದ ಮೇಲೆ ಆಡಿದೆ, ಎರಡು ಸಲವೂ ಅವನು ನನಗೆ ಒಂದು ಗೋಲೂ ಕೊಡಲಿಲ್ಲ. ಆಟ ಮುಗಿದ ಮೇಲೆ ಬಜಾರಿನ ಟೀ ಅಂಗಡಿಯಲ್ಲಿ ಸಿಕ್ಕಿದರೆ ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದ.

"ತಂಬಿ, ಟೀ ಕುಡಿ. ಗೋಲಂತೂ ಇಲ್ಲ, ಟೀನಾದ್ರೂ ಒಳಗೆ ಹೋಗ್ಲಿ."

"ಇನ್ನೊಂದು ಸಲ ಸಿಗಣ್ಣಾ, ಆಗ ನೋಡ್ಕತ್ತೀನಿ."

"ಸಿಗ್ತೀನಿ. ಎಲ್ಲಿ ಹೋಗ್ತೀನಿ? ಎರಡು ಕಂಬದ ಮಧ್ಯದಲ್ಲೇ ಇರ್ತೀನಿ."

ಮೂರನೆಯ ಸಲ ಸಿಕ್ಕಿದ್ದು ಗಣಿಗಳ ಕಪ್ಪಿನ ಸೆಮಿಫೈನಲ್ಲಿನಲ್ಲಿ. ಗೆದ್ದವರು ಫೈನಲ್ಲಿಗೆ. ಮೈದಾನದ ಮೂರು ಕಡೆಯೂ ಜನ, ಒಂದು ಕಡೆ ಶಾಮಿಯಾನದಲ್ಲಿ ದೊರೆಗಳು. ರೆಫರಿಯೂ ದೊರೆಯೇ, ಹೊಸದಾಗಿ ವಿಲಾಯತಿಯಿಂದ ಬಂದವರು. ಮುಕ್ಕಾಲು ಆಟ ಮುಗಿದರೂ ಎರಡು ಕಡೆಯೂ ಗೋಲಿಲ್ಲ. ಅವನು ನನ್ನ ಎರಡು ಹೊಡೆತಗಳನ್ನು ಹಲಸಿನಹಣ್ಣು ಎತ್ತಿಕೊಂಡಂತೆ ಎತ್ತಿಕೊಂಡಿದ್ದ. ಮೈಯೆಲ್ಲ ಉರಿಯುತ್ತಿತ್ತು ನನಗೆ.

ಆಗ ಮೈದಾನದ ನಡುವೆ ಚೆಂಡು ನನ್ನ ಕಾಲಿಗೆ ಬಂತು. ಓಡಿದೆ. ಒಬ್ಬ ಅಡ್ಡ ಬಂದ, ದಾಟಿದೆ. ಇನ್ನೊಬ್ಬ ಬಂದವನು ಅರ್ಧದಲ್ಲೇ ನಿಂತುಬಿಟ್ಟ. ಸೋತ, ಉಸಿರು ಕಟ್ಟಿದೆ ಎಂದುಕೊಂಡೆ. ಮೂರನೆಯವನು ನನಗೆ ಬೆನ್ನು ಹಾಕಿ ನಿಂತಿದ್ದ. ಅದು ಕಂಡಾದರೂ ನನಗೆ ಬುದ್ಧಿ ಬರಬೇಕಿತ್ತು, ಬರಲಿಲ್ಲ. ನಿಂತವನ ಪಾದಕ್ಕೆ ತಿಳಿಯುವ ಅದುರು ಓಡುವವನ ಪಾದಕ್ಕೆ ತಿಳಿಯುವುದಿಲ್ಲ. ಜನರ ಕೂಗು ನಿಂತದ್ದು ಕಿವಿಗೆ ಬಿತ್ತು. ನನ್ನ ಓಟ ನೋಡಿ ಬಾಯಿ ಕಟ್ಟಿದೆ ಎಂದೇ ತಿಳಿದೆ. ಜಂಬಕ್ಕೂ ಒಂದು ಮಿತಿ ಬೇಡವೇ? ಹದಿನೈದು ಹೆಜ್ಜೆ ದೂರದಿಂದ ಒದ್ದೆ. ಚೆಂಡು ಎಡಗಂಬದ ಪಕ್ಕ ನೆಲ ಸವರಿಕೊಂಡು ಹೋಯಿತು. ರೆಫರಿ ಸೀಟಿ ಊದಿ ಗೋಲು ಎಂದು ಕೈ ತೋರಿಸಿದರು.

ನಾನು ಎರಡೂ ಕೈ ಎತ್ತಿಕೊಂಡು ಕುಣಿದೆ. ಕುಣಿಯುತ್ತಾ ತಿರುಗಿದರೆ ನನ್ನ ತಂಡದವರಲ್ಲಿ ಒಬ್ಬನೂ ನನ್ನ ಕಡೆ ಬರುತ್ತಿರಲಿಲ್ಲ. ಎಲ್ಲರ ಮುಖವೂ ಪಕ್ಕದ ಗಣಿಯ ಚಕ್ರದ ಕಡೆಗಿತ್ತು. ಚಕ್ರ ನಿಂತಿತ್ತು. ಕಂಬಗಳ ಮಧ್ಯೆ ಯಾರೂ ಇರಲಿಲ್ಲ. ನಾನು ಒದೆಯುವ ಮೊದಲೇ ಅವನು ಹೊರಟುಹೋಗಿದ್ದ. ಬೇಲಿ ಹಾರಿ ಶಾಫ್ಟಿನ ಕಡೆ ಓಡುತ್ತಿದ್ದ ಅವನ ಬೆನ್ನು ಕಾಣಿಸಿತು. ಆಮೇಲೆ ಆಟಗಾರರು, ಜನ, ಎಲ್ಲರೂ ಅದೇ ದಿಕ್ಕಿಗೆ ಓಡಿದರು. ಬಯಲಿನಲ್ಲಿ ಉಳಿದವರು ನಾವಿಬ್ಬರು, ರೆಫರಿ ಮತ್ತು ನಾನು. ಅವರಿಗೂ ಆ ನೆಲದ ರೂಢಿ ತಿಳಿಯದು, ನನಗೂ ಒಗ್ಗಿರಲಿಲ್ಲ. ಅವರು ನನ್ನ ಬೆನ್ನು ತಟ್ಟಿದರು. ಆ ಕೈಯನ್ನು ತಳ್ಳಿಬಿಟ್ಟೆ.

ಶಾಫ್ಟಿನ ಹತ್ತಿರ ಹೋದಾಗ ಹೆಂಗಸರು ಗುಂಪು ಕಟ್ಟಿ ನಿಂತಿದ್ದರು. ಅಳು ಇನ್ನೂ ಶುರುವಾಗಿರಲಿಲ್ಲ. ಕೇಜು ಬಂದರೆ ಯಾರು ಇಳಿಯುತ್ತಾರೆ ಎಂದು ನೋಡುವುದು, ತಮ್ಮವರು ಇಲ್ಲದಿದ್ದರೆ ಮುಂದಿನ ಕೇಜಿಗೆ ಕಾಯುವುದು, ಇಷ್ಟೇ. ಗೋಲ್‌ಕೀಪರ್ ಬನಿಯನ್ನಿನಲ್ಲಿ ಗೇಟು ಹಿಡಿದುಕೊಂಡು ನಿಂತಿದ್ದ. ಅವನ ತಾಯಿ ಪಕ್ಕದಲ್ಲಿದ್ದಳು. ಯಾರೋ ನನ್ನ ಜೆರ್ಸಿ ನೋಡಿ ಆಯಮ್ಮನ ಕಿವಿಯಲ್ಲಿ ಏನೋ ಹೇಳಿದರು. ನೇರವಾಗಿ ನನ್ನ ಮುಂದೆ ಬಂದಳು.

"ನೀನೇನಾ ಒದ್ದವನು?"

"ನಾನೇಮ್ಮಾ. ನಂಗೆ ಗೊತ್ತಾಗ್ಲಿಲ್ಲ."

"ನನ್ನ ದೊಡ್ಡ ಮಗ ಕೆಳಗಿದಾನೆ. ಚಿಕ್ಕವನು ಅವನಿಗೋಸ್ಕರ ಓಡಿ ಬಂದ. ನೀನು ಅವನ ಬೆನ್ನ ಹಿಂದೆ ಚೆಂಡು ಒದ್ದೆ." ಕೂಗಲಿಲ್ಲ ಆಕೆ, ಮೆಲ್ಲಗೇ ಹೇಳಿದಳು. "ಆ ಕಾಲು ನಿನಗೆ ಕೂಡಿ ಬರಲ್ಲ. ನೋಡ್ತಿರು."

ದೊಡ್ಡ ಮಗನನ್ನು ಮಾರನೆಯ ದಿನ ಮಧ್ಯಾಹ್ನ ಮೇಲೆ ತಂದರು. ತಮ್ಮನ ಶಿಫ್ಟು ಮಾಡಲು ಹೋದವನು.

ಮೂರನೆಯ ದಿನ ಆಟದ ಆಫೀಸಿನಿಂದ ಕರೆ ಬಂತು. ಉಸ್ತುವಾರಿ ದೊರೆಗಳು ಖುಷಿಯಾಗಿದ್ದರು. ಅರ್ಧಕ್ಕೆ ನಿಂತ ಆಟವನ್ನು ಆ ಒಂದು ಗೋಲಿನ ಲೆಕ್ಕದಲ್ಲಿ ನಮ್ಮ ಗೆಲುವೆಂದು ಬರೆದು, ನಾವು ಫೈನಲ್ಲಿಗೆ ಬಂದಿದ್ದೆವಲ್ಲ. ಅವರು ಹೇಳಿದ್ದನ್ನು ಗುಮಾಸ್ತರು ಕನ್ನಡ ಮಾಡಿ ಹೇಳುತ್ತಿದ್ದರು. ಅಲ್ಲೇ ಇನ್ನೊಂದು ಸುದ್ದಿ ಕಿವಿಗೆ ಬಿತ್ತು. ಕಂಬ ಬಿಟ್ಟು ಓಡಿದ ಎಂದು ಆ ಗೋಲ್‌ಕೀಪರನ್ನು ಅವನ ತಂಡದಿಂದ ತೆಗೆದುಹಾಕಿದ್ದರು.

ನನ್ನ ತಲೆ ಕೆಟ್ಟಿತು. ಓಡಿದ್ದಕ್ಕೆ ಅವನಿಗೆ ಶಿಕ್ಷೆ, ಓಡದಿದ್ದುದಕ್ಕೆ ನನಗೆ ಬಹುಮಾನ!

"ಆ ಗೋಲು ಬೇಡ ಅಂತ ಹೇಳಿ ಸ್ವಾಮಿ," ಎಂದೆ ಗುಮಾಸ್ತರಿಗೆ. "ಆ ಕೀಪರಣ್ಣನ್ನ ತಂಡಕ್ಕೆ ವಾಪಸ್ ಕರೀಲಿ. ಮಿಕ್ಕಿದ್ದ ಆಟ ಇನ್ನೊಂದು ದಿನ ಆಡ್ತೀವಿ."

ಗುಮಾಸ್ತರು ಅತ್ತ ಹೇಳಿ ಇತ್ತ ಹೇಳಿದರು. "ಸೀಟಿ ಊದೋವರೆಗೂ ಆಟ ಆಟವೇ ಅಂತೆ. ಬರೆದಾಗಿದೆಯಂತೆ."

"ಹಂಗಾದ್ರೆ ಫೈನಲ್ ನಾನು ಆಡಲ್ಲ."

ಗುಮಾಸ್ತರು ಆ ಮಾತನ್ನು ದೊರೆಗೆ ಹೇಳದೆ ನನ್ನ ಮುಖ ನೋಡಿದರು. "ಯೋಚನೆ ಮಾಡಿ ಹೇಳಪ್ಪ. ನಿನ್ನನ್ನ ಇಟ್ಕೊಂಡಿರೋದು ದಿಮ್ಮಿ ಜೋಡಿಸೋಕಲ್ಲ."

"ಯೋಚನೆ ಮಾಡೇ ಹೇಳಿದ್ದು. ಅವ್ರಿಗೆ ಹೇಳಿ ನೀವು."

ಹೇಳಿದರು. ದೊರೆಗಳ ಮುಖ ಕೆಂಪಾಯಿತು. ಅದನ್ನು ಯಾರೂ ಕನ್ನಡ ಮಾಡಿ ಹೇಳಬೇಕಾಗಿರಲಿಲ್ಲ.

ನಮ್ಮ ಕ್ಯಾಪ್ಟನ್ ಗಣಿಯ ಕಮ್ಮಾರಸಾಲೆಯಲ್ಲಿ ಸುತ್ತಿಗೆ ಹೊಡೆಯುವವನು, ಕೋಲಾರದ ಕಡೆಯವನು. ನಾನು ಗಂಟು ಕಟ್ಟುತ್ತಿದ್ದಾಗ ಕೋಣೆಗೆ ಬಂದ.

"ತಲೆ ಸರಿಯಿಲ್ವೇನ್ಲಾ ನಿಂಗೆ? ಸತ್ತೋನು ನಿನ್ ಗೋಲಿಂದ ಸತ್ನಾ?"

"ಅಲ್ಲ. ಆದ್ರೆ ಗೋಲು ಅವ್ನು ಸತ್ತಿದ್ರಿಂದ ಆಯ್ತು."

"ನೀನ್ ಬಿಟ್ರೆ ಅವ್ನು ಎದ್ದು ಬತ್ತಾನಾ?"

"ಬರಲ್ಲ. ನಾನ್ ಆಡಿದ್ರೂ ಬರಲ್ಲ. ಸುಮ್ನೆ ಓಗಣ್ಣ."

ಅವನು ಸುಮ್ಮನೆ ಹೋಗಲಿಲ್ಲ, ಇನ್ನೂ ನಾಲ್ಕು ಬೈದು ಹೋದ. ಸಂಜೆಯೊಳಗೆ ಮಸ್ಟರಿನಿಂದ ಹೆಸರು ಹೊಡೆದುಹಾಕಿದರು, ಜೆರ್ಸಿ ಬಿಚ್ಚಿಸಿಕೊಂಡರು, ಕೋಣೆಗೆ ಬೇರೊಬ್ಬ ಬಂದ. ಹದಿನಾಲ್ಕು ತಿಂಗಳ ಕೆಲಸ ಅಲ್ಲಿಗೆ ಮುಗಿಯಿತು. ನಾನಿಲ್ಲದೆ ಫೈನಲ್ ಸೋಲುತ್ತಾರೆ ಎಂದು ಒಳಗೊಳಗೇ ಆಸೆ ಇತ್ತು. ಸೋಲಲಿಲ್ಲ. ನನ್ನ ಜಾಗದಲ್ಲಿ ಆಡಿದವನೇ ಎರಡು ಗೋಲು ಹೊಡೆದನಂತೆ. ನಾನು ಕೂಗದಿದ್ದರೆ ಬೆಳಗಾಗುವುದಿಲ್ಲ ಎಂದುಕೊಂಡ ಕೋಳಿಯ ಪಾಡು ನನ್ನದಾಯಿತು. ಆದರೂ ಆಫೀಸಿನಲ್ಲಿ ಆಡಿದ ಮಾತಿಗೆ ಅವತ್ತೂ ಪಶ್ಚಾತ್ತಾಪ ಪಡಲಿಲ್ಲ, ಇವತ್ತೂ ಇಲ್ಲ.

ಊರಿಗೆ ಬಂದೆ. ನಡೆದದ್ದನ್ನು ಕೇಳಿ ಅಪ್ಪ ತೆಲುಗಿಗೆ ತಿರುಗಿ ಒಂದೇ ಉಸಿರಿಗೆ ಬೈದ. ನಾನು ಓಡದೆ ನಿಂತಿದ್ದೆ. ಬೈದು ಮುಗಿಸಿ, "ಬಿಟ್ಟಿದ್ದು ಬಿಟ್ಟೆ. ಎಮ್ಮೆ ಈದೈತೆ, ಓಗಿ ನೋಡು," ಎಂದ. ಕೈ ಏಳಲಿಲ್ಲ.

ಅಪ್ಪನ ಬಾಯಿ ಮುಚ್ಚಿತು, ಊರ ಬಾಯಿ ಮುಚ್ಚಲಿಲ್ಲ. ಬೌರಿಂಗ್‌ಪೇಟೆಯಿಂದ ಗಣಿಗೆ ಹೋಗುವ ರೈಲಿನ ಜನ ನನ್ನನ್ನು ಕಂಡರೆ "ಎಣದ ಮೇಲೆ ಗೋಲ್ ಒಡ್ದೋನು" ಎನ್ನುತ್ತಿದ್ದರು. ಆಟ ಬಿಟ್ಟು ಬಂದದ್ದು ಅವರ ಲೆಕ್ಕಕ್ಕೆ ಬರಲಿಲ್ಲ. ಓಡಿಸಿದರು ಎಂದೇ ನಂಬಿದ್ದರು. ಹಾಲಿನ ತಂಬಿಗೆ ಕೆಳಗಿಟ್ಟು ಇಬ್ಬರ ಮೇಲೆ ಕೈ ಮಾಡಿದೆ. ಮೂರನೆಯವನು ನನ್ನ ಮೇಲೆ ಮಾಡಿದ. ಜಗಳದ ಮಧ್ಯೆ ಇನ್ನೊಂದು ಮಾತೂ ಕೇಳಿಸುತ್ತಿತ್ತು, ಅದು ನನ್ನ ಬಗ್ಗೆ ಅಲ್ಲ. "ಆ ಕೀಪರ್ ನಿಂತಿದ್ರೆ ಇಡೀತಿದ್ದ. ಓಡಿ ಏನ್ ಉಳಿಸ್ದ? ಅಣ್ಣಾನೂ ಇಲ್ಲ, ಕಪ್ಪೂ ಇಲ್ಲ." ನನಗೆ ಅಂದದ್ದಕ್ಕಾದರೂ ಕೈ ಎತ್ತಬಹುದಿತ್ತು. ಅವನಿಗೆ ಅಂದದ್ದನ್ನು ಕೇಳಿದ ದಿನ ಊಟ ಇಳಿಯಲಿಲ್ಲ.

ಹದಿನೈದು ಇಪ್ಪತ್ತು ದಿನ ಕಳೆದ ಮೇಲೆ, ಒಂದು ಮಧ್ಯಾಹ್ನ, ಅವನೇ ನಮ್ಮ ಕಣಕ್ಕೆ ಬಂದ. ತಲೆ ಬೋಳಿಸಿದ್ದ; ಅಣ್ಣನಿಗೆ ಮಕ್ಕಳಿರಲಿಲ್ಲವಾದ್ದರಿಂದ ಕೊಳ್ಳಿ ಇಟ್ಟವನು ಅವನೇ. ಅರ್ಧ ಇಳಿದುಹೋಗಿದ್ದ. ನನ್ನ ಅಮ್ಮ ಕೊಟ್ಟ ಮಜ್ಜಿಗೆಯನ್ನು ನಿಂತೇ ಕುಡಿದ. ಹೊಡೆಯಲು ಬಂದಿದ್ದಾನೆ ಎಂದುಕೊಂಡೆ. ಹೊಡೆದರೆ ಹೊಡೆಸಿಕೊಳ್ಳೋಣ ಎಂದೂ ತೀರ್ಮಾನಿಸಿದ್ದೆ.

"ತಂಬಿ, ಒಂದು ಕೇಳ್ತೀನಿ. ಅವತ್ತು ನಾನು ನಿಂತಿದ್ರೆ ಹಿಡೀತಿದ್ನಾ?"

"ಅದೆಂಗಣ್ಣಾ ಏಳೋದು."

"ಲೈನಲ್ಲಿ ಎಲ್ರೂ ಹಿಡೀತಿದ್ದೆ ಅಂತಾರೆ. ಅಣ್ಣ ನಾನು ಓಡೋಕೆ ಮುಂಚೆನೇ ಹೋಗ್ಬಿಟ್ಟಿದ್ದ. ನನ್ನ ಕೆಲಸ ಮಾಡೋಕೆ ಹೋಗಿ ಅವನು ಸತ್ತ. ಅವನಿಗೆ ಅಂತ ಓಡಿ ನಾನು ಕಂಬ ಕಾಯೋ ಕೆಲಸಾನೂ ಕಳೆದೆ. ಕಣ್ಣು ಮುಚ್ಚಿದ್ರೆ ಆ ಚೆಂಡು ಬರ್ತದೆ. ಒಂದು ಸಲ ಹಿಡೀತೀನಿ, ಒಂದು ಸಲ ಬಿಡ್ತೀನಿ. ಮಲಗಿ ಎಷ್ಟು ದಿನ ಆಯ್ತೋ."

ಅವನೇ ಮುಂದುವರಿಸಿದ.

"ಭಾನುವಾರ ಬೆಳಗ್ಗೆ ಬಾ. ಅದೇ ಮೈದಾನ, ಅದೇ ಜಾಗದಿಂದ ಓಡಿ ಬಂದು ಒದಿ. ಎಲ್ಲರಿಗೂ ಹೇಳಿದೀನಿ, ನೋಡ್ಲಿ. ಒಂದೇ ಸಲ."

"ನಿಮ್ಮಮ್ಮ?"

"ಬರ್ತಾಳೆ. ಇನ್ನೊಂದು ಕೇಳ್ಕೋ. ನನ್ನ ತಲೆ ನೋಡಿ ಪಾಪ ಅಂತ ಮೆತ್ತಗೆ ಒದ್ಯೋ, ನಿನ್ನ ಕಾಲು ನಾನೇ ಮುರೀತೀನಿ."

ಭಾನುವಾರ ಮೊದಲ ರೈಲಿಗೆ ಹೋದೆ. ಹತ್ತಿಪ್ಪತ್ತು ಜನ ಇರಬಹುದು ಎಂದುಕೊಂಡಿದ್ದೆ. ಎರಡು ಗಣಿಯ ಲೈನುಗಳೂ ಬಂದು ನಿಂತಿದ್ದವು. ಶಾಮಿಯಾನವಿಲ್ಲ, ದೊರೆಗಳಿಲ್ಲ, ಸೀಟಿಯಿಲ್ಲ. ನಮ್ಮ ಕ್ಯಾಪ್ಟನ್ ಗಣಿಯ ಚೆಂಡನ್ನು ಟವೆಲಿನೊಳಗೆ ಮುಚ್ಚಿಕೊಂಡು ತಂದಿದ್ದ. ನನ್ನ ಮುಖ ನೋಡದೆ ಕೈಗೆ ಕೊಟ್ಟ. ಆಯಮ್ಮ ಗೋಲುಕಂಬದ ಆಚೆ ನೆಲದ ಮೇಲೆ ಕೂತಿದ್ದಳು.

ಮೈದಾನದ ನಡುವೆ ಚೆಂಡು ಇಟ್ಟು ನಿಂತಾಗ ನನ್ನ ಮನಸ್ಸು ಏನೇನು ಹೇಳಿತು ಎನ್ನುವುದನ್ನು ಮುಚ್ಚಿಡುವುದಿಲ್ಲ. ಹೊರಗೆ ಹೊಡೆದುಬಿಡು ಎಂದಿತು. ಅವನ ಕೈಗೇ ಹೊಡೆ, ತಾಯಿಯ ಕಣ್ಣ ಮುಂದೆ ಹಿಡಿಯಲಿ, ಜನ ಚಪ್ಪಾಳೆ ತಟ್ಟಲಿ, ಹೆಣದ ಮೇಲೆ ಗೋಲು ಹೊಡೆದವನಿಗೆ ದೇವರು ಬುದ್ಧಿ ಕಲಿಸಿದ ಎಂದು ಹೇಳಿಕೊಂಡು ಹೋಗಲಿ, ನಿನ್ನ ಮೈಲಿಗೆಯೂ ಕಳೆಯುತ್ತದೆ ಎಂದಿತು. ಅಂಥ ಸುಲಭದ ದಾರಿ ಇನ್ನೊಂದಿರಲಿಲ್ಲ. ಆದರೆ ಅವನು ಹಿಡಿದರೆ ಏನಾಗುತ್ತದೆ? ನಿಂತಿದ್ದರೆ ಹಿಡಿಯುತ್ತಿದ್ದ ಎನ್ನುವುದು ಖಾತ್ರಿಯಾಗುತ್ತದೆ. ಓಡಿದ್ದು ತಪ್ಪು ಎಂದು ಸಾಯುವವರೆಗೂ ಅವನು ಹೊರಬೇಕಾಗುತ್ತದೆ. ನನ್ನ ಕನಿಕರ ಅವನನ್ನು ಕೊಲ್ಲುತ್ತಿತ್ತು. ನಿಜವಾಗಿ ಹಿಡಿದರೆ ಹಿಡಿಯಲಿ, ಅದು ಅವನ ಹಣೆಬರಹ. ನಾನು ಮಾತ್ರ ಆ ಬರಹ ತಿದ್ದಬಾರದು.

ಓಡಿದೆ. ಅವತ್ತಿಗಿಂತ ಜೋರಾಗಿ ಓಡಿದೆ. ಈ ಸಲ ತಲೆ ಎತ್ತಿಕೊಂಡು ಓಡಿದೆ. ಅವನು ಎರಡು ಹೆಜ್ಜೆ ಮುಂದೆ ಬಂದು ಮೊಣಕಾಲು ಬಗ್ಗಿಸಿ ಕೈ ಅಗಲಿಸಿದ. ಆ ಕಣ್ಣು ನೋಡಿದೆ. ಬಿಡುವವನ ಕಣ್ಣಲ್ಲ ಅದು. ಇವನೂ ಮೋಸ ಮಾಡುವುದಿಲ್ಲ ಎಂದು ತಿಳಿದು ನನಗೆ ಎಷ್ಟು ಸಂತೋಷವಾಯಿತೆಂದರೆ, ಅದೇ ಹದಿನೈದು ಹೆಜ್ಜೆಯಿಂದ, ಅದೇ ಎಡಗಂಬದ ಬುಡಕ್ಕೆ, ಹುಟ್ಟಿದಾಗಿನಿಂದ ಉಂಡ ಮುದ್ದೆಯ ಬಲವನ್ನೆಲ್ಲ ಸೇರಿಸಿ ಒದ್ದೆ. ಅವನು ಸರಿಯಾದ ಕಡೆಗೇ ಹಾರಿದ. ಬೆರಳ ತುದಿಗೆ ಚೆಂಡು ತಾಗಿದ ಸದ್ದೂ ಕೇಳಿಸಿತು. ತಾಗಿ, ಒಳಗೆ ಹೋಯಿತು.

ಯಾರೂ ಕೂಗಲಿಲ್ಲ. ಅವನು ಬಿದ್ದಲ್ಲೇ ಬೋರಲಾಗಿ ಮಲಗಿದ್ದ. ಮೂಳೆ ಮುರಿಯಿತೋ ಎಂದು ಓಡಿ ಹೋದರೆ ಭುಜ ಕುಲುಕುತ್ತಿತ್ತು. ಅಳುತ್ತಿದ್ದ. ಅಣ್ಣ ಸತ್ತಮೇಲೆ ಅವನು ಒಂದು ಹನಿ ಕಣ್ಣೀರು ಹಾಕಿರಲಿಲ್ಲ ಎಂದು ಆಮೇಲೆ ಹೇಳಿದರು. ಆಯಮ್ಮ ಎದ್ದು ಬಂದು ಅವನ ಪಕ್ಕದಲ್ಲಿ ಕೂತು, ಬೋಳುತಲೆಯ ಮೇಲಿನ ಮಣ್ಣನ್ನು ಸೆರಗಿನಿಂದ ಒರೆಸಿದಳು. ಒರೆಸುತ್ತಲೇ ಜನರ ಕಡೆ ತಿರುಗಿದಳು.

"ನಿಂತಿದ್ದ. ನೋಡಿದ್ರಲ್ಲ? ನಿಂತಿದ್ರೂ ಹೋಯ್ತು. ಇನ್ಮೇಲೆ ನನ್ನ ಮಗ ಓಡಿದ ಅನ್ನೋವನು ನನ್ನ ಬಾಗಿಲಿಗೆ ಬಂದು ಅನ್ಲಿ."

ಆಮೇಲೆ ನನ್ನನ್ನು ನೋಡಿದಳು.

"ನಿನ್ನನ್ನ ನಾನು ಮನ್ನಿಸಲ್ಲ," ಎಂದಳು.

"ಮನ್ಸಿ ಅಂತ ಕೇಳೋಕೆ ನಾನು ಬಂದಿಲ್ಲಮ್ಮ."

"ಗೊತ್ತು. ಕೇಳೋಕೆ ಬಂದೋನಾಗಿದ್ರೆ ಮೆತ್ತಗೆ ಒದೀತಿದ್ದೆ." ಮಗನ ಬೆನ್ನ ಮೇಲೆ ಕೈ ಇಟ್ಟಳು. "ಹೋಗು. ಇವನು ಇವತ್ತು ಮಲಗ್ತಾನೆ."

ಆಮೇಲೆ ಯಾವ ಗಣಿಗೂ ನಾನು ಆಡಲಿಲ್ಲ. ಎರಡು ಕಡೆಯಿಂದ ಕರೆ ಬಂತು, ಬರುವುದಿಲ್ಲ ಎಂದೆ. ಸೀಟಿ ಊದುವವರು ಕೊಟ್ಟ ಗೋಲು ಒಂದು, ಅವನು ನಿಂತು ಕೊಟ್ಟ ಗೋಲು ಇನ್ನೊಂದು. ಎರಡನೆಯದು ಸಿಕ್ಕಿದ ಮೇಲೆ ಮೊದಲನೆಯ ಬಗೆಯದಕ್ಕೆ ಕಾಲು ಏಳಲಿಲ್ಲ, ಅಷ್ಟೇ.

ಅವತ್ತು ಹಿಂದಿರುಗುವ ರೈಲು ತುಂಬಿತ್ತು, ನಾನು ನಿಂತೇ ಇದ್ದೆ. ನನ್ನ ಎದುರಿಗೆ, ಹಿಂದೊಮ್ಮೆ ನನ್ನ ಕೈಯಲ್ಲಿ ಏಟು ತಿಂದಿದ್ದವನೇ ಕೂತಿದ್ದ. ಬಹಳ ಹೊತ್ತು ಕಿಟಕಿ ನೋಡಿದವನು ಊರಗಾಂ ಸ್ಟೇಷನ್ ದಾಟಿದ ಮೇಲೆ ತಡೆಯಲಾರದೆ ಕೇಳಿದ.

"ಏನಾಯ್ತಪ್ಪಾ? ಇಡದ್ನಾ?"

"ಇಲ್ಲ," ಎಂದೆ. "ಬೆರಳು ತಾಗ್ಸ್ದ. ಆದ್ರೂ ಗೋಲಾಯ್ತು."

ಅವನು ಸರಿದು ನನಗೆ ಕೂರಲು ಜಾಗ ಬಿಟ್ಟ.